ಮೋಟಾರು ಓಡಿದ ಹೊತ್ತು ಗಂಟೆ, ನಿಮಿಷಗಳಲ್ಲಿ ತಿಳಿಯಲಿ

ಮಾನ್ಯ ಸಂಪಾದಕರೇ,

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಲ್ಲಿ ಕೊಳವೆಬಾವಿಯ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ (ಫೋನಿನಿಂದಲೇ ಮೋಟಾರು ಚಾಲೂ, ಬಂದ್ ಮಾಡುವ ಸಾಧನ) ಕೂರಿಸಿಕೊಂಡ ರೈತರಿದ್ದಾರೆ. ಮೋಟಾರು ನಿಂತಾಗ ಅದು ಎಷ್ಟು ಹೊತ್ತು ಓಡಿತೆಂಬ ಸಂದೇಶ ಫೋನಿಗೆ ಬರುತ್ತದೆ. ಆದರೆ ನಾನು ನೋಡಿದ ಒಂದು ಸಂದೇಶದಲ್ಲಿ ‘25200 ಸೆಕೆಂಡ್’ ಎಂದಷ್ಟೇ ಇತ್ತು. ತ್ರೀ ಫೇಸ್ ಕರೆಂಟು ಇದ್ದ ಏಳು ಗಂಟೆಯೂ ಮೋಟಾರು ಓಡಿದೆ ಎಂದು ತಿಳಿಯಲು ರೈತರು ಲೆಕ್ಕ ಹಾಕುತ್ತ ಕೂರಬೇಕೇ?

ಯಂತ್ರವು ಅವಧಿಯನ್ನು ಸೆಕೆಂಡುಗಳಲ್ಲೇ ಇಟ್ಟುಕೊಳ್ಳುವುದು ಸರಿಯೇ. ಕೂಡಲು, ಕಳೆಯಲು ಅದೇ ಅನುಕೂಲ. ತೋರಿಸುವಾಗ ಮಾತ್ರ 3600ರಿಂದ ಭಾಗಿಸಿದರೆ ಗಂಟೆ, ಉಳಿದ ಶೇಷವನ್ನು 60ರಿಂದ ಭಾಗಿಸಿದರೆ ನಿಮಿಷ, ಕೊನೆಗೆ ಉಳಿದದ್ದು ಸೆಕೆಂಡು. ಇದಕ್ಕೆ ಪ್ರಾಥಮಿಕ ಶಾಲೆಯ ಭಾಗಾಕಾರ ಸಾಕು.

ಇಷ್ಟನ್ನೂ ಬರೆಯಲು ಬೇಸರಪಟ್ಟು, ದಿನಾಂಕ ಮತ್ತು ವೇಳೆ ತೋರಿಸುವ ಸಿದ್ಧ ಫಂಕ್ಷನ್ನಿಗೆ, ಅಂದರೆ ಮೊದಲೇ ಬರೆದಿಟ್ಟ ತಂತ್ರಾಂಶದ ತುಣುಕಿಗೆ, ಸೆಕೆಂಡುಗಳನ್ನು ಒಪ್ಪಿಸಿಬಿಡುವ ತಂತ್ರಾಂಶ ಬರಹಗಾರರಿಂದ ಇನ್ನೂ ದೊಡ್ಡ ಎಡವಟ್ಟಾಗುತ್ತದೆ. ಅಂಥ ಫಂಕ್ಷನ್ ಸಾಮಾನ್ಯವಾಗಿ ಆ ಸಂಖ್ಯೆಯನ್ನು ಅವಧಿಯೆಂದು ತಿಳಿಯದೆ, ಕಂಪ್ಯೂಟರುಗಳು ಕಾಲದ ಎಣಿಕೆಗೆ ಆರಂಭವೆಂದು ಇಟ್ಟುಕೊಂಡಿರುವ 1970ರ ಜನವರಿ 1ರಿಂದ ಎಣಿಸಿದ ಒಂದು ಕ್ಷಣವೆಂದು ತಿಳಿಯುತ್ತದೆ. ಭಾರತೀಯ ಕಾಲಮಾನಕ್ಕೆ ಹೊಂದಿಸಿದ್ದರೆ ಅದಕ್ಕೆ ಐದೂವರೆ ಗಂಟೆ ಸೇರಿಸಿ, ಏಳು ಗಂಟೆ ಓಡಿದ ಮೋಟಾರನ್ನು 12:30 ಎಂದು ತೋರಿಸುತ್ತದೆ. ಕಾಲಮಾನ ಸರಿಪಡಿಸಿದರೂ ತೊಂದರೆ ಮುಗಿಯದು. ವಾರದ ಒಟ್ಟು ಅವಧಿ 1,76,400 ಸೆಕೆಂಡು, ಅಂದರೆ 49 ಗಂಟೆ ಆದಾಗ, 24 ಗಂಟೆಗೊಮ್ಮೆ ಸೊನ್ನೆಗೆ ಮರಳುವ ಆ ಗಡಿಯಾರದ ಲೆಕ್ಕದಲ್ಲಿ ಉಳಿಯುವುದು ಒಂದೇ ಗಂಟೆ. ತೋಟಕ್ಕೆ ಎಷ್ಟು ನೀರು ಹರಿಯಿತೆಂದು ಈ ಅಂಕಿಯಿಂದ ಅಂದಾಜಿಸುವವರ ಪಾಡೇನು?

ದಶಮಾಂಶವಿದ್ದ ಕಡೆ ಮೊದಲು ಪೂರ್ಣಾಂಕ ಮಾಡಿಕೊಂಡು ಆಮೇಲೆ ಭಾಗಿಸಬೇಕು, ಇಲ್ಲವಾದರೆ 3599.7 ಸೆಕೆಂಡು ‘59:60’ ಎಂಬ ವಿಚಿತ್ರ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

‘1:05’ ಎಂದು ಬರೆದರೆ ಒಂದು ಗಂಟೆ ಐದು ನಿಮಿಷವೋ, ಒಂದು ನಿಮಿಷ ಐದು ಸೆಕೆಂಡೋ ಗೊತ್ತಾಗುವುದಿಲ್ಲ. ಆದ್ದರಿಂದ ಇಂಥ ಸಾಧನ ತಯಾರಿಸುವವರು ‘1 ಗಂಟೆ 5 ನಿಮಿಷ’ ಎಂದು ಕನ್ನಡದಲ್ಲೇ ಬರೆಯಲಿ. ಗಂಟೆಗಟ್ಟಲೆ ಓಡುವ ಮೋಟಾರಿಗೆ ಸೆಕೆಂಡಿನ ಲೆಕ್ಕವನ್ನು ಬಿಟ್ಟರೂ ನಡೆಯುತ್ತದೆ. ಈಗಾಗಲೇ ಮಾರಾಟವಾದ ಸ್ಟಾರ್ಟರುಗಳಿಗೂ ತಂತ್ರಾಂಶವನ್ನು ಉಚಿತವಾಗಿ ಸರಿಪಡಿಸಿ ಕೊಡಬೇಕೆಂದು ಒತ್ತಾಯಿಸುತ್ತೇನೆ.

– ಗಣಕ ವಿಜ್ಞಾನ ಉಪನ್ಯಾಸಕ, ದಾವಣಗೆರೆ