ಮರದಿಂದ ಬಿದ್ದವರ ಮನೆಯವರಿಗೆ ಬಿಪಿ ವಿಷಯವನ್ನೂ ಹೇಳಿ

ಸಂಪಾದಕರೇ,

ಅಡಿಕೆಗೆ ಮದ್ದು ಬಿಡುವ ಕಾಲ ಬಂತು. ಮಳೆ ಸ್ವಲ್ಪ ಬಿಟ್ಟರೆ ಸಾಕು, ಜಾರುವ ಮರ ಅಂತಲೂ ನೋಡದೆ ಹತ್ತುತ್ತಾರೆ, ಕೊಳೆರೋಗ ಕಾಯುವುದಿಲ್ಲ ಅಲ್ವಾ. ಎರಡು ವರ್ಷದ ಹಿಂದೆ ನನ್ನ ಭಾವ ಹೀಗೇ ಹತ್ತಿ ಬಿದ್ದರು. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಆಪರೇಷನ್ ಆಯಿತು, ಕಾಲಿಗೆ ಬಲ ಬರುವುದು ಕಷ್ಟ ಎಂದರು, ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಕಲಿಸಿ ಮನೆಗೆ ಕಳಿಸಿದರು. ಬಿಪಿ ಬಗ್ಗೆ ಯಾರೂ ಒಂದು ಮಾತೂ ಹೇಳಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ರಾತ್ರಿ ಭಾವನಿಗೆ ತಲೆ ಸಿಡಿಯುವ ನೋವು. ಮುಖ ಕೆಂಪು, ಹಣೆ ತುಂಬ ಬೆವರು, ಕಾಲು ಮುಟ್ಟಿದರೆ ತಣ್ಣಗೆ. ಯಾವಾಗಲೂ 100ರ ಆಸುಪಾಸು ಇರುವ ಬಿಪಿ 190 ಆಗಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಮಾತ್ರೆ ಕೊಟ್ಟು, ಮಲಗಿಸಿ ಎಂದರು. ಮಲಗಿಸಿದೆವು, ನೋವು ಇನ್ನೂ ಜಾಸ್ತಿಯಾಯಿತು. ಕೊನೆಗೆ ಆಂಬ್ಯುಲೆನ್ಸ್‌ಗೆ ಎತ್ತುವಾಗ ಅದರ ಹುಡುಗ ನೋಡಿದ, ಮೂತ್ರದ ಪೈಪ್ ತೊಡೆಯಡಿ ಮಡಚಿಕೊಂಡಿತ್ತು. ಬಿಡಿಸಿದ. ಸ್ವಲ್ಪ ಹೊತ್ತಿನಲ್ಲೇ ಬಿಪಿ ಇಳಿಯತೊಡಗಿತು.

ಪೈಪಿಗೂ ತಲೆನೋವಿಗೂ ಏನು ಸಂಬಂಧ? ಆಮೇಲೆ ಒಬ್ಬರು ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ಮೆದುಳಿನ ಬುಡದಲ್ಲಿ, ಮೆಡುಲ್ಲಾ ಎಂಬ ಜಾಗದಲ್ಲಿ, ರಕ್ತನಾಳಗಳನ್ನು ಬಿಗಿ ಮಾಡಿಸುವ ನರಕೋಶಗಳಿವೆ. ಅವುಗಳ ಎಳೆಗಳು ಬೆನ್ನುಹುರಿಯೊಳಗೆ ಇಳಿದು, ಎದೆಯ ಮಟ್ಟದಿಂದ ಸೊಂಟದ ಮೇಲ್ಭಾಗದವರೆಗೆ ಇರುವ ಇನ್ನೊಂದು ಸಾಲಿನ ನರಕೋಶಗಳಿಗೆ ಸುದ್ದಿ ಮುಟ್ಟಿಸುತ್ತವೆ. ಮೂತ್ರಪಿಂಡ, ಸ್ನಾಯು, ಚರ್ಮ ಹೀಗೆ ಒಂದೊಂದು ಕಡೆಗೆ ಹೆಚ್ಚು ಕಡಿಮೆ ಬೇರೆ ಬೇರೆ ಗುಂಪಿನ ಕೋಶಗಳೇ ಇವೆಯಂತೆ, ಪ್ರಾಣಿಗಳಲ್ಲಿ ಇದನ್ನು ನೋಡಿದ್ದಾರೆ. ಹಾಗಾಗಿಯೇ ಊಟವಾದ ಮೇಲೆ ಕರುಳಿಗೆ, ಬಿಸಿಲಿಗೆ ಹೋದಾಗ ಚರ್ಮಕ್ಕೆ ರಕ್ತ ಜಾಸ್ತಿ ಹೋದರೂ ಒಟ್ಟು ಬಿಪಿ ಕುಸಿಯುವುದಿಲ್ಲ.

ಭಾವನಿಗೆ ಕಡಿದದ್ದು ಈ ದಾರಿಯೇ. ಮೂತ್ರಚೀಲ ತುಂಬಿ ಬಿಗಿದಾಗ ಆ ಸುದ್ದಿ ಪೆಟ್ಟಿನ ಕೆಳಗಿನ ಬೆನ್ನುಹುರಿಗೆ ಮುಟ್ಟುತ್ತದೆ, ಅದು ತನ್ನಷ್ಟಕ್ಕೆ ಹೊಟ್ಟೆಯ, ಕಾಲಿನ ರಕ್ತನಾಳಗಳನ್ನೆಲ್ಲ ಬಿಗಿ ಮಾಡಿಬಿಡುತ್ತದೆ. ಬಿಪಿ ಏರಿದ್ದು ಮೆದುಳಿಗೆ ಗೊತ್ತಾಗುತ್ತದೆ, ಸಾಕು ಬಿಡು ಅಂತ ಹೇಳಲು ಕೆಳಗೆ ದಾರಿಯಿಲ್ಲ. ಪೆಟ್ಟಿನ ಮೇಲಿನ ನಾಳಗಳನ್ನಷ್ಟೇ ಸಡಿಲ ಮಾಡುತ್ತದೆ, ಮುಖ ಕೆಂಪಾಗುವುದು ಅದಕ್ಕೆ. ಇದಕ್ಕೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎನ್ನುತ್ತಾರೆ. ಬೆನ್ನುಮೂಳೆಯ ಎದೆಮಟ್ಟದ 6ನೇ ಮಣಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದು ಜಾಸ್ತಿ. ಸುಮ್ನೆ ಬಿಟ್ಟರೆ ಮೆದುಳಿನಲ್ಲಿ ರಕ್ತಸ್ರಾವವೂ ಆಗಬಹುದು.

ನಮ್ಮ ಉಡುಪಿ, ಮಂಗಳೂರು ಕಡೆ ಅಡಿಕೆ, ತೆಂಗು, ತಾಳೆ ಮರದಿಂದ ಬಿದ್ದು ಹಾಸಿಗೆ ಹಿಡಿದವರು ಊರೂರಿಗೂ ಇದ್ದಾರೆ. ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿರುತ್ತದೆ, ನನ್ನ ಅಕ್ಕನಿಗೆ ಅದು ಓದಲು ಬರುವುದಿಲ್ಲ. ಅದರ ಜೊತೆ ಕನ್ನಡದಲ್ಲಿ ನಾಲ್ಕು ಸಾಲು ಕೊಡಿ ಎಂದು ಆಸ್ಪತ್ರೆಗಳನ್ನೂ ಆರೋಗ್ಯ ಇಲಾಖೆಯನ್ನೂ ಕೇಳುತ್ತೇನೆ. ಆಶಾ ಕಾರ್ಯಕರ್ತೆಯರಿಗೂ ತಿಳಿಸಿ. ಭಾವನ ಮಂಚದ ಪಕ್ಕದ ಗೋಡೆಗೆ ನಾವೇ ಬರೆದು ಅಂಟಿಸಿದ್ದು ಇಷ್ಟೇ: ತಲೆನೋವು ಬಂದು ಬಿಪಿ ಏರಿದರೆ ಮಲಗಿಸಬೇಡಿ, ಕಾಲು ಇಳಿಬಿಟ್ಟು ಕೂರಿಸಿ. ಬಟ್ಟೆ ಸಡಿಲ ಮಾಡಿ. ಮೂತ್ರದ ಪೈಪ್ ನೋಡಿ, ಮಲ ಕಟ್ಟಿದೆಯಾ ಕೇಳಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ಬೆನ್ನುಹುರಿಗೆ ಪೆಟ್ಟಾದವರು ಅಂತ ಮೊದಲೇ ಹೇಳಿ.

– ಒಬ್ಬ ಅಡಿಕೆ ಬೆಳೆಗಾರ, ಹೆಬ್ರಿ