ರೀಫಂಡಿನ ಪಾಲು ಸಲಹೆಯ ಶುಲ್ಕವಲ್ಲ

ಮಾನ್ಯ ಸಂಪಾದಕರೇ,

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ದಿನಗಳು ಹತ್ತಿರವಾದಂತೆ, ‘ಕಟ್ ಆದ ಟಿಡಿಎಸ್ (ಸಂಬಳದಲ್ಲೇ ಮುಂಚಿತವಾಗಿ ಹಿಡಿದುಕೊಂಡ ತೆರಿಗೆ) ಅಷ್ಟೂ ವಾಪಸ್ ಕೊಡಿಸುತ್ತೇವೆ, ದುಡ್ಡು ಬಂದ ಮೇಲೆ ನೂರಕ್ಕೆ ಹತ್ತು ಕೊಟ್ಟರೆ ಸಾಕು’ ಎಂಬ ಮಾತು ಶಾಲೆಗಳ ಸ್ಟಾಫ್ ರೂಮಿನಲ್ಲಿ, ಬಸ್ ಡಿಪೋಗಳಲ್ಲಿ ಹರಿದಾಡತೊಡಗುತ್ತದೆ. ತಿಪಟೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ಸಣ್ಣ ಕಚೇರಿ ನಡೆಸಿಕೊಂಡು ಸಂಬಳದಾರರ ಮತ್ತು ಪಿಂಚಣಿದಾರರ ರಿಟರ್ನ್ ಸಿದ್ಧಪಡಿಸುತ್ತಿರುವ ನಾನು, ಈ ಪಾಲಿನ ವ್ಯವಹಾರದ ಬಗ್ಗೆ ಓದುಗರನ್ನು ಎಚ್ಚರಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ.

ಕಳೆದ ಫೆಬ್ರುವರಿಯಲ್ಲಿ ಪ್ರೌಢಶಾಲಾ ಶಿಕ್ಷಕರೊಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಫಾರಂ 16, ಅಂದರೆ ಸಂಬಳ ಮತ್ತು ಕಡಿತವಾದ ತೆರಿಗೆಯ ವಿವರದ ಪತ್ರ, ಹಿಡಿದುಕೊಂಡು ಬಂದರು. 2024-25ರ ಅಸೆಸ್‌ಮೆಂಟ್ ವರ್ಷಕ್ಕೆ (ಅಂದರೆ 2023-24ರಲ್ಲಿ ಗಳಿಸಿದ ಆದಾಯಕ್ಕೆ) ಅವರಿಗೆ 31,200 ರೂಪಾಯಿ ರೀಫಂಡ್ ಬಂದಿತ್ತು. ಆದರೆ ತಮ್ಮ ರಿಟರ್ನಿನಲ್ಲಿ ಏನಿದೆಯೆಂದು ಅವರು ಒಮ್ಮೆಯೂ ನೋಡಿರಲಿಲ್ಲ. ತೆರೆದು ನೋಡಿದರೆ 80ಇ ಕಲಮಿನಡಿ ಶಿಕ್ಷಣ ಸಾಲದ ಬಡ್ಡಿಯೆಂದು ಆದಾಯದಿಂದ ಒಂದೂವರೆ ಲಕ್ಷ ಕಳೆಯಲಾಗಿತ್ತು. ‘ಸಾಲವನ್ನೇ ಮಾಡಿಲ್ಲವಲ್ಲ ಸಾರ್, ಮಗಳು ಓದಿದ್ದು ಸರ್ಕಾರಿ ಕಾಲೇಜಿನಲ್ಲಿ’ ಎಂದವರು ಬಹಳ ಹೊತ್ತು ಮಾತಾಡಲಿಲ್ಲ. ಇಲಾಖೆಯ ಜಾಲತಾಣದ ತೆರಿಗೆ ಖಾತೆಯಲ್ಲಿದ್ದ ಇ-ಮೇಲ್ ವಿಳಾಸವೂ ಅವರದ್ದಲ್ಲ, ರಿಟರ್ನ್ ತುಂಬಿದವನದು. ಇಲಾಖೆ ಕಳಿಸಿದ್ದ ಎಚ್ಚರಿಕೆಯ ಸಂದೇಶ ಅವನಲ್ಲಿಗೇ ಹೋಗಿತ್ತು. ಇವರು ಕೊಟ್ಟಿದ್ದು ಆಧಾರ್ ಒಟಿಪಿ ಒಂದನ್ನೇ. ಕಾನೂನಿನ ಕಣ್ಣಿಗೆ ಅದೇ ಅವರ ಸಹಿ.

ತಪ್ಪನ್ನು ತಾವಾಗಿಯೇ ತಿದ್ದಿಕೊಳ್ಳುವ ಅವಕಾಶ ಇನ್ನೂ ಇದ್ದುದರಿಂದ ಅದಕ್ಕೆಂದೇ ಇರುವ ಅಪ್‌ಡೇಟೆಡ್ ರಿಟರ್ನ್ ಸಲ್ಲಿಸಿ, ಆ 31,200 ರೂಪಾಯಿ, ಅದರ ಬಡ್ಡಿ, ಎರಡೂ ಸೇರಿದ ಮೊತ್ತದ ಮೇಲೆ ಶೇ 25ರಷ್ಟು ಹೆಚ್ಚುವರಿ ತೆರಿಗೆ ಕಟ್ಟಿಸಿದೆ. ಮಾರ್ಚ್ ದಾಟಿದ್ದರೆ ಅದು ಶೇ 50 ಆಗುತ್ತಿತ್ತು. ಇಲಾಖೆಯೇ ವಿಚಾರಣೆಗೆ ಎತ್ತಿಕೊಂಡು ಸುಳ್ಳು ಮಾಹಿತಿಯೆಂದು ತೀರ್ಮಾನಿಸಿದ್ದರೆ, ತೆರಿಗೆಯ ಎರಡರಷ್ಟು, ಅಂದರೆ 62,400 ರೂಪಾಯಿ ದಂಡ ಬೀಳುತ್ತಿತ್ತು. ಪಾಲಿನ ಹೆಸರಿನಲ್ಲಿ ಕೊಟ್ಟ 3,120 ರೂಪಾಯಿಯನ್ನು ಯಾರೂ ಹಿಂತಿರುಗಿಸಲಿಲ್ಲ.

‘ರೀಫಂಡ್ ಬಂತಲ್ಲ, ಇಲಾಖೆ ಒಪ್ಪಿಕೊಂಡಿತು’ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಪ್ಪು. ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ಕಂಪ್ಯೂಟರ್ ಲೆಕ್ಕ ತಾಳೆ ನೋಡುತ್ತದೆಯೇ ಹೊರತು ಸಾಲದ ಪತ್ರವನ್ನು ಕೇಳುವುದಿಲ್ಲ. ಕೇಳುವ ಸರದಿ ವರ್ಷಗಳ ಮೇಲೆ ಬರಬಹುದು. 2025ರ ಜುಲೈ 14ರಂದು ಇಲಾಖೆ ಇಂಥ ಮಧ್ಯವರ್ತಿಗಳಿಗೆ ಸಂಬಂಧಿಸಿದ ಸುಮಾರು 150 ಕಡೆ ಪರಿಶೀಲನೆ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ 1,045 ಕೋಟಿ ರೂಪಾಯಿಗಳ ಸುಳ್ಳು ಕ್ಲೇಮುಗಳನ್ನು ತಾವಾಗಿಯೇ ಹಿಂತೆಗೆದುಕೊಂಡಿದ್ದಾರೆಂದು ಇಲಾಖೆ ತಿಳಿಸಿತ್ತು. 2025-26ರ ಅಸೆಸ್‌ಮೆಂಟ್ ವರ್ಷದಿಂದ ಸಾಲ ಕೊಟ್ಟ ಬ್ಯಾಂಕಿನ ಹೆಸರು, ಸಾಲದ ಖಾತೆ ಸಂಖ್ಯೆ, ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ ಎಲ್ಲವನ್ನೂ ರಿಟರ್ನಿನಲ್ಲೇ ತುಂಬಬೇಕಾಗಿದೆ.

ನ್ಯಾಯವಾಗಿ ತೆರಿಗೆ ಉಳಿಸುವ ದಾರಿಗಳು ಇಲ್ಲವೆಂದಲ್ಲ. ಮನೆ ಸಾಲ, ಬಾಡಿಗೆ, ಉಳಿತಾಯ ಎಲ್ಲವೂ ಇರುವವರಿಗೆ ಇಂಥ ವಿನಾಯಿತಿಗಳಿರುವ ಹಳೆಯ ತೆರಿಗೆ ಪದ್ಧತಿ ಲಾಭವೋ ಹೊಸದು ಲಾಭವೋ ಎಂಬುದು ಎರಡನ್ನೂ ಲೆಕ್ಕ ಹಾಕಿದಾಗಲೇ ತಿಳಿಯುತ್ತದೆ, ಮತ್ತು ಆ ಲೆಕ್ಕ ಏಪ್ರಿಲ್‌ನಲ್ಲಿ ಆಗಬೇಕು, ಜುಲೈ ಕೊನೆಯ ವಾರದಲ್ಲಲ್ಲ. ಹಿಂಬಾಕಿ ಸಂಬಳ ಒಂದೇ ವರ್ಷ ಕೈಸೇರಿದವರು ರಿಟರ್ನಿಗೆ ಮೊದಲೇ ಫಾರಂ 10ಇ ಸಲ್ಲಿಸಿದರೆ 89ನೇ ಕಲಮಿನಡಿ ತೆರಿಗೆ ಹೊರೆಯಲ್ಲಿ ಪರಿಹಾರ ಸಿಗುತ್ತದೆ. ಇದನ್ನು ಬಿಟ್ಟು ನಷ್ಟ ಮಾಡಿಕೊಂಡ ಶಿಕ್ಷಕರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಇದೆಲ್ಲ ಕೂತು, ಕಾಗದ ನೋಡಿ, ಪ್ರಶ್ನೆ ಕೇಳಿ ಮಾಡುವ ಕೆಲಸ. ರೀಫಂಡ್ ಬರಲಿ, ಇನ್ನಷ್ಟು ತೆರಿಗೆ ಕಟ್ಟಬೇಕಾಗಿ ಬರಲಿ, ಆ ಕೆಲಸದ ಶುಲ್ಕ ಒಂದೇ ಇರಬೇಕು. ರೀಫಂಡ್ ಹೆಚ್ಚಿದಷ್ಟೂ ತನ್ನ ಸಂಪಾದನೆ ಹೆಚ್ಚುವವನಿಗೆ ನಿಮ್ಮ ಕಾಗದ ಕೇಳುವ ಅಗತ್ಯವೇ ಇರುವುದಿಲ್ಲ.

ಆದ್ದರಿಂದ ತೆರಿಗೆ ಖಾತೆಯಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಇ-ಮೇಲ್ ಇದೆಯೇ ಎಂದು ಈ ವಾರವೇ ನೋಡಿಕೊಳ್ಳಿ. ತುಂಬಿದ ರಿಟರ್ನಿನ ಪ್ರತಿಯನ್ನು ಓದದೆ ಒಟಿಪಿ ಹೇಳಬೇಡಿ. ಸಂಬಳ ಬಟವಾಡೆ ಮಾಡುವ ಅಧಿಕಾರಿಗಳಲ್ಲಿಯೂ ಒಂದು ಮನವಿ: ಫಾರಂ 16 ಜೂನ್ 15ರೊಳಗೆ ನೌಕರರ ಕೈಸೇರಲಿ. ಅದು ತಡವಾದಷ್ಟೂ ಜನ ಅವಸರದಲ್ಲಿ ಯಾರ ಕೈಗೆ ಸಿಗುತ್ತಾರೋ ಅವರಿಗೇ ತಮ್ಮ ಪಾಸ್‌ವರ್ಡ್ ಒಪ್ಪಿಸುತ್ತಿದ್ದಾರೆ.

ಇಂತಿ,
ತೆರಿಗೆ ಸಲಹೆಗಾರ, ತಿಪಟೂರು