ಬಿಸಿಲಿನ ಸಂಶೋಧನೆ ಬಿಸಿಲ ನಾಡಿನಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದರು: ನಮ್ಮ ಭಾಗದ ಕಾಲೇಜುಗಳಲ್ಲಿ ಹಣ್ಣಿನ ನೊಣ ಸಾಕೋದಕ್ಕೆ, ಜೀವಕೋಶ ನೋಡೋದಕ್ಕೆ ದುಡ್ಡು ಯಾಕೆ, ಅದೇ ದುಡ್ಡಲ್ಲಿ ಬೋರ್‌ವೆಲ್ ಕೊರೆಸಿ ಅಂತ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಮಾರ್ಚ್ ಬಂತೆಂದರೆ ನೀರಿಗೆ ಪರದಾಡುವ ಊರುಗಳಿಂದಲೇ ನನ್ನ ವಿದ್ಯಾರ್ಥಿಗಳು ಬರುತ್ತಾರೆ. ಆದರೂ ಉತ್ತರ ಕೊಡಲೇಬೇಕು ಅನ್ನಿಸಿತು. ಯಾಕೆಂದರೆ ವರ್ಷಾ ವರ್ಷಾ ನಮ್ಮನ್ನು ಸುಡುವ ಈ ಬಿಸಿಲು ಜೀವಕೋಶದೊಳಗೆ ಏನು ಮಾಡುತ್ತದೆ ಅನ್ನೋದರ ಮೊದಲ ಸುಳಿವು ಸಿಕ್ಕಿದ್ದೇ ಆ ನೊಣದಿಂದ.

1960ರ ಆಸುಪಾಸು. ಇಟಲಿಯಲ್ಲಿ ಫೆರುಚ್ಚೊ ರಿಟೋಸಾ ಎಂಬ ವಿಜ್ಞಾನಿ ಹಣ್ಣಿನ ನೊಣದ ಮರಿಹುಳುಗಳ ಮೇಲೆ ಕೆಲಸ ಮಾಡುತ್ತಿದ್ದರು. ಒಂದು ದಿನ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ರಿಟೋಸಾ ಹುಳುವಿನ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆ, ನೋಡಿದರೆ ಯಾವತ್ತೂ ಕಾಣದ ಜಾಗಗಳಲ್ಲಿ ಉಬ್ಬು ಎದ್ದಿತ್ತು. ಅಂದರೆ ಬಿಸಿ ತಾಗಿದ ಕೂಡಲೇ ಜೀವಕೋಶ ಸುಮ್ಮನಿದ್ದ ಕೆಲವು ಜೀನ್‌ಗಳನ್ನು ಎಬ್ಬಿಸಿತ್ತು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೊದಲು ಕಳಿಸಿದ ಪತ್ರಿಕೆ ಇದರಲ್ಲಿ ಮಹತ್ವದ್ದೇನೂ ಇಲ್ಲ ಅಂತ ವಾಪಸ್ ಕಳಿಸಿತ್ತು ಎಂದು ಅವರೇ ಮುಂದೆ ಬರೆದಿದ್ದಾರೆ. 1974ರಲ್ಲಿ ಆ ಜೀನ್‌ಗಳಿಂದ ಹುಟ್ಟುವ ಪ್ರೋಟೀನ್‌ಗಳು ಸಿಕ್ಕವು. ಇವತ್ತು ಅವಕ್ಕೆ ಹೀಟ್ ಶಾಕ್ ಪ್ರೋಟೀನ್ ಅನ್ನುತ್ತಾರೆ. ಬ್ಯಾಕ್ಟೀರಿಯಾದಿಂದ ಹಿಡಿದು ತೊಗರಿ ಗಿಡ, ಎತ್ತು, ಮನುಷ್ಯರವರೆಗೆ ಎಲ್ಲರಲ್ಲೂ ಇವೆ.

ನಮ್ಮ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರವೆ, ಬೆಲ್ಲ, ಅಗರ್ ಕುದಿಸಿ ಬಾಟಲಿಗೆ ಹಾಕಿದರೆ ನೊಣಕ್ಕೆ ಊಟವಾಯಿತು, ಅಷ್ಟೇ ಖರ್ಚು. ದಪ್ಪಗೆ ಬೆಳೆದ ಮರಿಹುಳುವನ್ನು 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಉಪ್ಪುನೀರಿನ ಹನಿಯಲ್ಲಿ ಎರಡು ಸೂಜಿಯಿಂದ ಅದರ ಜೊಲ್ಲು ಗ್ರಂಥಿ ಬಿಡಿಸಿ, ಬಣ್ಣ ಹಾಕಿ, ಮೇಲೆ ಕವರ್ ಸ್ಲಿಪ್ ಇಟ್ಟು ಹೆಬ್ಬೆರಳಿಂದ ಒತ್ತಬೇಕು. ಸ್ವಲ್ಪ ಜಾರಿದರೂ ಕ್ರೋಮೋಸೋಮ್ ಎಲ್ಲ ಹರಿದುಹೋಗುತ್ತದೆ. ಸರಿಯಾಗಿ ಬಂದರೆ ಮೈಕ್ರೋಸ್ಕೋಪಿನಲ್ಲಿ ಕೆಂಗಂದು ಪಟ್ಟೆಗಳ ಉದ್ದ ಎಳೆಗಳು, ನಡುನಡುವೆ ಊದಿಕೊಂಡ ಮಸುಕು ಉಬ್ಬುಗಳು ಕಾಣುತ್ತವೆ. ಬಿಸಿ ತಾಗದ ಹುಳುವಿನಲ್ಲಿ ಆ ಜಾಗದಲ್ಲಿ ಉಬ್ಬು ಇರೋದಿಲ್ಲ. ಚಿಂಚೋಳಿ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನು ನೋಡಿ, "ಮೇಡಂ, ಹಂಗಾದ್ರ ನಮ್ಮ ಮೈಯಾಗೂ ಈಗ ಹಿಂಗೇ ಆಗ್ಲಿಕತ್ತದೇನ್ರಿ?" ಅಂತ ಕೇಳಿದಳು. ಹೊರಗೆ ಮೇ ತಿಂಗಳ ಮಧ್ಯಾಹ್ನ, ಕರೆಂಟ್ ಬೇರೆ ಹೋಗಿತ್ತು. ಹೌದು, ಬಿಸಿ ಮೈಯೊಳಗೆ ಇಳಿದರೆ ನಮ್ಮಲ್ಲೂ ಅವೇ ಜೀನ್‌ಗಳು ಏಳುತ್ತವೆ. ನಮ್ಮದರಲ್ಲಿ ಕಣ್ಣಿಗೆ ಕಾಣುವಂಥ ಉಬ್ಬು ಇರೋದಿಲ್ಲ, ಅಷ್ಟೇ. ಮನುಷ್ಯರ ಕಾಯಿಲೆಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಈ ನೊಣದಲ್ಲೂ ಹೋಲುವ ಜೀನ್ ಇದೆ. ನೊಣ ಸಾಕೋದು ಇದಕ್ಕೇ.

ಬಿಸಿ ಬಿದ್ದಾಗ ಕೋಶದೊಳಗೆ ಆಗೋದು ಇಷ್ಟು. ಪ್ರೋಟೀನ್‌ಗಳು ತಮ್ಮದೇ ಒಂದು ಆಕಾರದಲ್ಲಿ ಮಡಿಚಿಕೊಂಡಿರುತ್ತವೆ, ಆ ಆಕಾರ ಇದ್ದರೆ ಮಾತ್ರ ಕೆಲಸ. ಬಿಸಿ ಜಾಸ್ತಿಯಾದರೆ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿ ಮುದ್ದೆ ಕಟ್ಟುತ್ತವೆ. ಹೀಟ್ ಶಾಕ್ ಪ್ರೋಟೀನ್‌ಗಳು ಹೋಗಿ ಅವನ್ನು ಹಿಡಿದು ಮತ್ತೆ ಮಡಿಚುತ್ತವೆ, ಸರಿ ಹೋಗದಿದ್ದರೆ ವಿಲೇವಾರಿಗೆ ಕಳಿಸುತ್ತವೆ. ಇನ್ನು ಜಾಸ್ತಿ ಬೇಕು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ ಅನ್ನೋದು ಚೆಂದದ ವಿಷಯ. ಎಚ್‌ಎಸ್‌ಎಫ್ 1 ಅಂತ ಒಂದು ಪ್ರೋಟೀನ್ ಇದೆ. ಮಾಮೂಲಿ ದಿನಗಳಲ್ಲಿ ಇದೇ ಹೀಟ್ ಶಾಕ್ ಪ್ರೋಟೀನ್‌ಗಳು ಅದನ್ನು ಹಿಡಿದು ಕೂರಿಸಿರುತ್ತವೆ. ಬಿಸಿ ಬಿದ್ದು ಅವು ರಿಪೇರಿಗೆ ಓಡಿದ ಕೂಡಲೇ ಎಚ್‌ಎಸ್‌ಎಫ್ 1ಕ್ಕೆ ಬಿಡುಗಡೆ. ಮೂರು ಮೂರು ಕೂಡಿಕೊಂಡು ಕೋಶಕೇಂದ್ರಕ್ಕೆ ಹೋಗಿ ಜೀನ್ ಎಬ್ಬಿಸುತ್ತವೆ. ಬೇಕಾದಷ್ಟು ಹೀಟ್ ಶಾಕ್ ಪ್ರೋಟೀನ್ ತಯಾರಾದ ಮೇಲೆ ಅವೇ ಬಂದು ಮತ್ತೆ ಅದನ್ನು ಹಿಡಿದು ಕೂರಿಸುತ್ತವೆ.

ಈ ರಕ್ಷಣೆಗೂ ಒಂದು ಮಿತಿ ಇದೆ. ಮೈಯೊಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರೆ ಅದೇ ಬಿಸಿಲು ಬಡಿಯೋದು. ಮೈ ತಂಪಾಗಲಿ ಅಂತ ರಕ್ತವೆಲ್ಲ ಚರ್ಮದ ಕಡೆ ಹರಿಯುವಾಗ ಕರುಳಿಗೆ ರಕ್ತ ಕಡಿಮೆಯಾಗುತ್ತದೆ. ಕರುಳಿನ ಒಳಪದರದ ಕೋಶಗಳ ನಡುವಿನ ಬಿಗಿ ಸಡಿಲಾಗಿ, ಅಲ್ಲಿನ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ನುಗ್ಗುತ್ತದೆ. ಅದನ್ನು ಕಂಡ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಸಂಕೇತಗಳನ್ನು ಒಂದೇ ಸಮನೆ ಬಿಡುತ್ತವೆ, ಮೈಯೆಲ್ಲ ಉರಿಯೂತ, ಸಣ್ಣ ರಕ್ತನಾಳಗಳಲ್ಲಿ ಹೆಪ್ಪು, ಆಮೇಲೆ ಲಿವರ್, ಕಿಡ್ನಿ, ಮೆದುಳು ಒಂದೊಂದೇ ಸೋಲುತ್ತವೆ. ಹೊರಗಿನ ಬಿಸಿಲು ಶುರು ಮಾಡಿದ ಹಾನಿಯನ್ನು ನಮ್ಮದೇ ಕೋಶಗಳ ಸಂಕೇತಗಳು ಮುಂದುವರಿಸುತ್ತವೆ. ಬಿಸಿಲಿಂದ ತಂದು ನೆರಳಲ್ಲಿ ಮಲಗಿಸಿದ ಮೇಲೂ ಕೆಲವರು ಉಳಿಯದೆ ಇರೋದು ಇದಕ್ಕೇ.

ಹೋದ ವರ್ಷ ನಮ್ಮ ಓಣಿಯ ಗೌಂಡಿಯೊಬ್ಬರು ಕಟ್ಟಡದ ಕೆಲಸದಲ್ಲಿ ಮಧ್ಯಾಹ್ನ ಬಿದ್ದರು. ಪುಣೆಯಲ್ಲಿ ದುಡಿಯುತ್ತಿದ್ದವರು, ಶರಣಬಸವೇಶ್ವರ ಜಾತ್ರೆಗೆ ಬಂದು ಇಲ್ಲೇ ಉಳಿದು ಆಗಷ್ಟೇ ಬಿಸಿಲಿನ ಕೆಲಸಕ್ಕೆ ಇಳಿದಿದ್ದರು. ಜೊತೆಗಿದ್ದವರು ಪಾಪ ತಮಗೆ ತಿಳಿದದ್ದು ಮಾಡಿದರು. ಅಂಗಾಲಿಗೆ ಉಳ್ಳಾಗಡ್ಡಿ ತಿಕ್ಕಿದರು, ಮೈ ಸುಡುತ್ತದೆ ಅಂತ ಪ್ಯಾರಾಸಿಟಮಾಲ್ ನುಂಗಿಸಿದರು, ಗಾಳಿ ತಾಗಬಾರದು ಅಂತ ಚಾದರ ಹೊದಿಸಿ ಆಟೋದಲ್ಲಿ ಕೂರಿಸಿದರು. ಆಸ್ಪತ್ರೆ ಮುಟ್ಟುವಾಗ ಮೂತ್ರ ಕಡು ಚಹಾದ ಬಣ್ಣ. ಸ್ನಾಯುವಿನ ಕೋಶಗಳು ಒಡೆದು ಅವುಗಳ ಒಳಗಿನದು ರಕ್ತಕ್ಕೆ ಬಂದು ಕಿಡ್ನಿ ಕಟ್ಟಿಕೊಂಡಿತ್ತು. ಡಯಾಲಿಸಿಸ್ ಆಯಿತು, ಬದುಕಿದರು. ಮೊದಲಿನ ಹಾಗೆ ದುಡಿಯಲು ಈಗ ಆಗುತ್ತಿಲ್ಲ.

ಜೀವಕೋಶದ ವಿಷಯ ಗೊತ್ತಿದ್ದರೆ ಏನು ಫಾಯಿದೆ ಅಂತ ಕೇಳುವವರು ಇಲ್ಲಿ ನೋಡಬೇಕು. ಜ್ವರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ಸಂಕೇತ ಮೆದುಳಿಗೆ ಹೋಗಿ, ಮೆದುಳೇ ಮೈಯನ್ನು ಬಿಸಿ ಮಾಡಿಸುತ್ತದೆ. ಪ್ಯಾರಾಸಿಟಮಾಲ್ ಆ ಸಂಕೇತವನ್ನು ತಡೆಯುತ್ತದೆ. ಬಿಸಿಲು ಬಡಿದಾಗ ಮೆದುಳು ಹಾಗೆ ಹೇಳಿಯೇ ಇರೋದಿಲ್ಲ, ತಡೆಯಲು ಅಲ್ಲಿ ಸಂಕೇತವೇ ಇಲ್ಲ. ಮಾತ್ರೆ ಕೆಲಸ ಮಾಡೋದಿಲ್ಲ, ಆಗಲೇ ಬಳಲಿದ ಲಿವರ್‌ಗೆ ಇನ್ನಷ್ಟು ತೊಂದರೆ ಕೊಡಬಹುದು. ಮಾಡಬೇಕಾದ್ದು ಒಂದೇ: 108ಕ್ಕೆ ಫೋನ್ ಮಾಡಿ, ಬಟ್ಟೆ ಸಡಿಲಿಸಿ, ಇಡೀ ಮೈಗೆ ತಣ್ಣೀರು ಸುರಿಯುತ್ತಾ ಗಾಳಿ ಬೀಸುತ್ತಲೇ ಇರಬೇಕು. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿದರೆ ಬದುಕುವ ಅವಕಾಶ ಎಷ್ಟೋ ಜಾಸ್ತಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಇದನ್ನು ದಯವಿಟ್ಟು ನಿಮ್ಮ ಪತ್ರಿಕೆ ಮಾರ್ಚ್‌ನಿಂದಲೇ ಮೊದಲ ಪುಟದಲ್ಲಿ ಹಾಕಲಿ.

ಪುಣೆಯಿಂದ ಬಂದವರು ಅಂತ ಹೇಳಿದ್ದಕ್ಕೂ ಕಾರಣ ಇದೆ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಆ ದಿನಗಳಲ್ಲಿ ಬೆವರುವ ರೀತಿ ಬದಲಾಗುತ್ತದೆ, ರಕ್ತದ ನೀರಿನಂಶ ಏರುತ್ತದೆ, ಕೋಶಗಳು ಎಚ್‌ಎಸ್‌ಪಿ 70 ಎಂಬ ಹೀಟ್ ಶಾಕ್ ಪ್ರೋಟೀನನ್ನು ಮೊದಲೇ ಕೂಡಿಟ್ಟುಕೊಳ್ಳುತ್ತವೆ. ಕೆಲವು ವಾರ ತಂಪಿನಲ್ಲಿದ್ದರೆ ಈ ತಯಾರಿ ಕರಗಿಹೋಗುತ್ತದೆ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನಗಳಲ್ಲೇ ಅಪಾಯ ಜಾಸ್ತಿ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗಿ ಬೇಸಿಗೆಗೆ ವಾಪಸ್ ಬರುವ ನಮ್ಮ ಯಾದಗಿರಿ, ಕಲಬುರಗಿಯ ಜನ ಬರೋದು ಇದೇ ಸಾಲಿನಲ್ಲಿ. ಊರಿನವರೇ ಅಲ್ವಾ, ಬಿಸಿಲು ರೂಢಿ ಇರುತ್ತದೆ ಅಂತ ಮೇಸ್ತ್ರಿ ಮೊದಲ ದಿನವೇ ಪೂರ್ತಿ ಕೆಲಸಕ್ಕೆ ಹಚ್ಚುತ್ತಾನೆ.

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಒಳ್ಳೆಯದೇ. ಫ್ಯಾನ್ ಕೆಳಗೆ ಕೂತವರಿಗೆ ಈ ರಿಯಾಯಿತಿ ಇದ್ದರೆ, ಶಹಾಬಾದ್, ಚಿತ್ತಾಪುರದ ಕಲ್ಲಿನ ಗಣಿಯಲ್ಲಿ ಫರ್ಸಿ ಎತ್ತುವವರಿಗೆ, ಇಟ್ಟಿಗೆ ಭಟ್ಟಿಯವರಿಗೆ, ಅಫಜಲಪುರದ ಕಬ್ಬಿನ ಗದ್ದೆಯವರಿಗೆ ಯಾಕಿಲ್ಲ? ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್‌ನಲ್ಲಿ ಕಬ್ಬು ಕಡಿಯುವ ಹರೆಯದ ಗಂಡಸರಿಗೆ, ಶುಗರ್ ಇಲ್ಲ ಬಿಪಿ ಇಲ್ಲ, ಕಿಡ್ನಿ ಕೆಡುತ್ತಾ ಬಂತು. ಸುಡು ಬಿಸಿಲಲ್ಲಿ ಮೈಮುರಿಯುವ ದುಡಿಮೆಯೇ ಮುಖ್ಯ ಕಾರಣ ಇರಬೇಕು ಎಂದು ಅಲ್ಲಿ ಅಧ್ಯಯನ ಮಾಡಿದ ಹಲವರು ಹೇಳುತ್ತಾರೆ. ಅಲ್ಲಿ ಕೆಲಸದ ಜಾಗದಲ್ಲೇ ನೀರು, ನೆರಳು, ಕಡ್ಡಾಯ ವಿರಾಮ ಕೊಟ್ಟು ನೋಡಿದಾಗ ಕಿಡ್ನಿಗೆ ಆಗುವ ಪೆಟ್ಟು ಕಡಿಮೆಯಾಗಿದೆ. ಅಹಮದಾಬಾದಿನಲ್ಲಿ 2010ರ ಬಿಸಿಗಾಳಿಗೆ ಜನ ಸತ್ತ ಮೇಲೆ 2013ರಲ್ಲಿ ನಗರಕ್ಕೇ ಒಂದು ಬಿಸಿಲಿನ ಯೋಜನೆ ಮಾಡಿದರು. ಅಳೆದು, ಲೆಕ್ಕ ಇಟ್ಟು ಮಾಡಿದ ಕೆಲಸ ಅದು. ನಮ್ಮ ಗಣಿ ಕಾರ್ಮಿಕರ ಕೋಶಗಳು, ಕಿಡ್ನಿಗಳು ಮೇ ತಿಂಗಳಲ್ಲಿ ಯಾವ ಸ್ಥಿತಿಯಲ್ಲಿರುತ್ತವೆ ಅನ್ನೋದನ್ನೂ ಅಳೆಯಬೇಕು.

ಹೀಟ್ ಶಾಕ್ ಪ್ರೋಟೀನಿನ ವಿಷಯ ಬಿಸಿಲಿಗೆ ಮುಗಿಯೋದಿಲ್ಲ. ಕ್ಯಾನ್ಸರ್ ಕೋಶಗಳು ಇದೇ ರಕ್ಷಣೆಯನ್ನು ತಮ್ಮ ಉಳಿವಿಗೆ ಬಳಸಿಕೊಳ್ಳುತ್ತವೆ. ಮೆದುಳಿನ ಕೆಲವು ಕಾಯಿಲೆಗಳಲ್ಲಿ ಕೆಟ್ಟ ಪ್ರೋಟೀನ್ ಮುದ್ದೆ ಕಟ್ಟಿ ನರಕೋಶ ಸಾಯುತ್ತದೆ. ಇದರಲ್ಲಿ ನಮ್ಮ ದೇಶದವರ ಕೆಲಸವೂ ಇದೆ. 1970ರಲ್ಲಿ ಸುಭಾಷ್ ಚಂದ್ರ ಲಖೋಟಿಯಾ ಮತ್ತು ಎ.ಎಸ್. ಮುಖರ್ಜಿ ಇದೇ ನೊಣದ ಕ್ರೋಮೋಸೋಮಿನಲ್ಲಿ ಬಿಸಿಗೆ ಏಳುವ ಒಂದು ಉಬ್ಬನ್ನು ಬೆಂಜಮೈಡ್ ಎಂಬ ರಾಸಾಯನಿಕವೂ ಎಬ್ಬಿಸುತ್ತದೆ, ಅದೂ ಅದೊಂದನ್ನೇ ಎಬ್ಬಿಸುತ್ತದೆ ಎಂದು ತೋರಿಸಿದರು. ಆ ಜೀನ್‌ನ ಮುಖ್ಯ ಕೆಲಸ ಪ್ರೋಟೀನ್ ಮಾಡೋದಲ್ಲ, ಆರ್‌ಎನ್‌ಎ ಅಂದರೆ ಜೀನಿನ ನಕಲು ಪ್ರತಿ ಮಾಡೋದು. ಲಖೋಟಿಯಾ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಅದರ ಬೆನ್ನು ಬಿದ್ದರು. ಆ ಆರ್‌ಎನ್‌ಎ ಕಡಿಮೆ ಮಾಡಿದರೆ ನೊಣಗಳಲ್ಲಿ ಹಂಟಿಂಗ್ಟನ್ ಥರದ ನರಕಾಯಿಲೆಯ ಹಾನಿ ತಗ್ಗುತ್ತದೆ ಅಂತ ಅವರ ಗುಂಪು ಮುಂದೆ ಕಂಡುಕೊಂಡಿತು. ಮೊದಲ ದಿನ ಯಾರಾದರೂ ಇದರಿಂದ ಏನು ಉಪಯೋಗ ಅಂತ ಕೇಳಿ ನಿಲ್ಲಿಸಿದ್ದರೆ?

ಬೆಂಗಳೂರಿನಲ್ಲಿ ದೊಡ್ಡ ಲ್ಯಾಬುಗಳಿವೆ, ಹೈದರಾಬಾದಿನ ಜೀವಕೋಶ ಸಂಶೋಧನಾ ಸಂಸ್ಥೆ ಸಿಸಿಎಂಬಿ ಇಲ್ಲಿಂದ ಸುಮಾರು 220 ಕಿ.ಮೀ., ಅಲ್ಲಿಗೇ ಕಳಿಸಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಈ ವಿಷಯದಲ್ಲಿ ಅದು ಆಗೋದಿಲ್ಲ. ರಕ್ತ ತೆಗೆದ ಮೇಲೂ ಅದರ ಬಿಳಿ ಕಣಗಳು ಬದುಕಿರುತ್ತವೆ. ಬಿಸಿ ತಾಗಿದರೆ ಕೆಲವೇ ನಿಮಿಷಗಳಲ್ಲಿ ಜೀನ್ ಏಳುತ್ತವೆ, ಕೆಲವು ಗಂಟೆಗಳಲ್ಲಿ ಪ್ರೋಟೀನ್ ಏರುತ್ತದೆ. ಶಹಾಬಾದಿನ ಗಣಿಯಲ್ಲಿ ತೆಗೆದ ರಕ್ತ ಮೇ ತಿಂಗಳ ಬಸ್ಸಲ್ಲಿ ಹೈದರಾಬಾದ್ ಮುಟ್ಟಿದರೆ, ಅಲ್ಲಿ ಅಳೆಯೋದು ಗಣಿಯ ಬಿಸಿಲೋ ಬಸ್ಸಿನ ಬಿಸಿಲೋ ಯಾರಿಗೂ ಹೇಳಲು ಬರೋದಿಲ್ಲ. ಕೂಡಲೇ ಕೋಶ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಆ ಫ್ರೀಜರ್ ಇಲ್ಲೇ ಇರಬೇಕು.

ನಾನು ಕೇಳೋದು ದೊಡ್ಡ ಸಂಸ್ಥೆಯನ್ನಲ್ಲ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯ ಇದೆ, ವೈದ್ಯಕೀಯ ಕಾಲೇಜುಗಳಿವೆ. ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಸುತ್ತ ದೇವಣಿ ದನಗಳಿವೆ. ನಮ್ಮ ದೇಸಿ ದನಗಳ ಕೋಶಗಳು ಯುರೋಪಿನ ತಳಿಗಳಿಗಿಂತ ಬಿಸಿ ತಾಳುತ್ತವೆ ಅಂತ ಪ್ರಯೋಗಗಳು ತೋರಿಸಿವೆ, ಅದನ್ನೂ ಜೊತೆಗೇ ನೋಡಬಹುದು. ಇವರೆಲ್ಲ ಸೇರಿ ನಡೆಸುವ ಒಂದು ಘಟಕ ಸಾಕು. ಒಂದು ಫ್ರೀಜರ್, ರಕ್ತವನ್ನು ಗಿರ್ರನೆ ತಿರುಗಿಸಿ ಕೋಶ ಬೇರ್ಪಡಿಸುವ ಒಂದು ಸೆಂಟ್ರಿಫ್ಯೂಜ್, ಕೈಕೊಡದ ಜನರೇಟರ್, ಗಣಿಯವರೆಗೆ ಹೋಗುವ ಒಂದು ವ್ಯಾನ್, ನಮ್ಮಲ್ಲೇ ಎಂಎಸ್ಸಿ ಮುಗಿಸಿ ಬೆಂಗಳೂರಿಗೆ ಹೊರಟಿರುವ ಕೆಲವು ಹುಡುಗ ಹುಡುಗಿಯರು. ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆ ಆಗಿದೆ. ಅದರಲ್ಲಿ ಬೋರ್‌ವೆಲ್ಲೂ ಆಗಲಿ, ಇದೂ ಆಗಲಿ.

ಅದೇ ಕಾರ್ಮಿಕರ ರಕ್ತ, ಮೂತ್ರವನ್ನು ಜನವರಿಯಲ್ಲಿ ಒಮ್ಮೆ, ಮೇನಲ್ಲಿ ಒಮ್ಮೆ ಪರೀಕ್ಷೆ ಮಾಡಬೇಕು, ವರ್ಷಾ ವರ್ಷಾ ಮಾಡಬೇಕು. ಅವರ ಒಪ್ಪಿಗೆ ಕೇಳಿ, ಯಾಕೆ ಅಂತ ಅವರ ಮಾತಿನಲ್ಲೇ ಹೇಳಿ ಮಾಡಬೇಕು. ರಕ್ತ ಕೊಟ್ಟ ದಿನದ ಕೂಲಿಯನ್ನು ಯೋಜನೆಯ ದುಡ್ಡಿಂದಲೇ ಕೊಡಬೇಕು. ಕಿಡ್ನಿಗೆ ಪೆಟ್ಟು ಬಿದ್ದದ್ದು ಕಂಡರೆ ಅವರನ್ನು ಅಲ್ಲಿಗೇ ಬಿಡದೆ ಆಸ್ಪತ್ರೆಗೆ ಸೇರಿಸುವ ಜವಾಬ್ದಾರಿ ಘಟಕದ್ದೇ ಆಗಿರಬೇಕು, ಗುತ್ತಿಗೆದಾರನ ಮರ್ಜಿಗೆ ಬಿಡಬಾರದು.

– ಪ್ರಾಣಿಶಾಸ್ತ್ರ ಉಪನ್ಯಾಸಕಿ, ಕಲಬುರಗಿ